ಎಣ್ಣೆ ಸರಿಯಾಗಿಯೇ ಇದೆ, ತಿರುವಿನಲ್ಲಿ ಆಯಿಲ್ ದೀಪ ಏಕೆ ಮಿನುಗುತ್ತದೆ?

ಓದುಗರ ಪ್ರಶ್ನೆ: ಚಿಕ್ಕಮಗಳೂರಿನ ಸುತ್ತಮುತ್ತ ಮಣ್ಣಿನ ಹಾದಿಯ ಕಾರು ಸ್ಪರ್ಧೆಯಾದ ಆಟೋಕ್ರಾಸ್‌ನಲ್ಲಿ ತಕರಾರಿಲ್ಲದೆ ಓಡಿದ ಕಾರನ್ನು ಕೊಯಮತ್ತೂರಿನ ಟ್ರ್ಯಾಕ್‌ಗೆ ಒಯ್ದಿದ್ದೆ. ಉದ್ದನೆಯ ತಿರುವಿನಲ್ಲಿ ಆಯಿಲ್ ದೀಪ ಮಿನುಗಿ ಆರಿತು. ಡಿಪ್‌ಸ್ಟಿಕ್ ಎಳೆದು ನೋಡಿದರೆ ಎಣ್ಣೆ ಸರಿಯಾಗಿಯೇ ಇದೆ. ಆಯಿಲ್ ಪಂಪ್ ಬದಲಿಸಬೇಕೆ?

ಪಂಪ್‌ಗೆ ಸದ್ಯ ಕೈ ಹಚ್ಚಬೇಡಿ. ನೇರ ರಸ್ತೆಯಲ್ಲಿ ಒತ್ತಡ ಸರಿಯಾಗಿದ್ದರೆ ಪಂಪ್ ಚೆನ್ನಾಗಿದೆ ಎಂದೇ ಅರ್ಥ. ತಿರುವಿನಲ್ಲಿ ಅದಕ್ಕೆ ಎಣ್ಣೆಯ ಬದಲು ಗಾಳಿ ಸಿಕ್ಕಿದೆ, ಅಷ್ಟೇ.

ನಮ್ಮ ಮೆಕ್ಯಾನಿಕ್‌ಗಳು ಚೇಂಬರ್ ಎಂದು ಕರೆಯುವ ಸಂಪ್ ಎಂಜಿನ್ನಿನ ಅಡಿಯಲ್ಲಿರುವ ತಗ್ಗಾದ ತಟ್ಟೆ. ಅದರ ತಳದಲ್ಲಿ ಒಂದೇ ಕಡೆ ಪಂಪಿನ ಹೀರುಕೊಳವೆಯ ಬಾಯಿ ಇದೆ. ಕಾರು ಬಲಕ್ಕೆ ತಿರುಗಿದಾಗ ಎಣ್ಣೆ ಎಡಗೋಡೆಗೆ ಏರುತ್ತದೆ. ಪಕ್ಕಕ್ಕೆ ತಳ್ಳುವ ಬಲ ಗುರುತ್ವದಷ್ಟೇ ಆದರೆ ಎಣ್ಣೆಯ ಮೇಲ್ಮೈ 45 ಡಿಗ್ರಿ ವಾಲುತ್ತದೆ. ಆಗ ಕೊಳವೆಯ ಬಾಯಿ ತೆರೆದುಕೊಳ್ಳದಿದ್ದರೆ ಅದು ನಿಮ್ಮ ಅದೃಷ್ಟ.

ಹಾಗಾದರೆ ಚಾರ್ಮಾಡಿಯ ಹೇರ್‌ಪಿನ್‌ಗಳಲ್ಲಿ ಹೀಗೇಕೆ ಆಗುವುದಿಲ್ಲ? ಲೆಕ್ಕ ಹಾಕಿ. 10 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ಹಾದರೆ ಪಕ್ಕದ ಬಲ ಗುರುತ್ವದ ಮೂರನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಎಣ್ಣೆ ವಾಲುವುದು ಸುಮಾರು 17 ಡಿಗ್ರಿ. ಟ್ರ್ಯಾಕಿನಲ್ಲಿ 80 ಮೀಟರ್ ತ್ರಿಜ್ಯದ ತಿರುವನ್ನು 100 ಕಿ.ಮೀ. ವೇಗದಲ್ಲಿ ಹಿಡಿದರೆ ಬಲ ಗುರುತ್ವಕ್ಕೆ ಹೆಚ್ಚುಕಡಿಮೆ ಸಮ. ಎಸ್ಟೇಟಿನ ಮಣ್ಣಿನ ಹಾದಿಯಲ್ಲಿ ಟೈರ್ ಅಷ್ಟು ಬಲವನ್ನು ತಾಳುವುದೇ ಇಲ್ಲ, ಮೊದಲೇ ಜಾರುತ್ತದೆ. ಆ ಜಾರುವಿಕೆಯೇ ಇಷ್ಟು ದಿನ, ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕನ್ನು ಎಣ್ಣೆಯ ಪದರದ ಮೇಲೆ ಹೊರುವ ನಿಮ್ಮ ಬೇರಿಂಗ್‌ಗಳನ್ನು ಕಾಪಾಡಿದೆ. ಡಾಂಬರು ಮತ್ತು ಅಂಟು ಟೈರ್ ಸೇರಿದಾಗ ಆ ರಕ್ಷಣೆ ಹೋಯಿತು. ಬೈಕಿನವರಿಗೆ ಈ ಚಿಂತೆ ಕಡಿಮೆ. ಬೈಕು ತಿರುವಿಗೆ ತಕ್ಕಂತೆ ಮೈ ಬಾಗಿಸುವುದರಿಂದ ಅದರ ಎಣ್ಣೆ ತಳದಲ್ಲೇ ಉಳಿಯುತ್ತದೆ.

ತಿರುವಿನ ಉದ್ದವೂ ಮುಖ್ಯ. ಪೂರ್ತಿ ಆರ್‌ಪಿಎಂನಲ್ಲಿ ಪಂಪ್ ನಿಮಿಷಕ್ಕೆ ಹತ್ತಾರು ಲೀಟರ್ ಎಣ್ಣೆಯನ್ನು ಮೇಲಕ್ಕೆ ಕಳಿಸುತ್ತದೆ, ಚಿಕ್ಕ ಕಾರಿನ ಸಂಪ್‌ನಲ್ಲಿ ಇರುವುದು ಮೂರು, ನಾಲ್ಕು ಲೀಟರ್. ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ತಲುಪಿದ ಎಣ್ಣೆ ಕೆಳಗಿಳಿಯಲು ಹೊತ್ತು ಬೇಕು. 6000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 100 ಸುತ್ತು ತಿರುಗುತ್ತದೆ. ಎರಡು ಸೆಕೆಂಡು ಎಣ್ಣೆ ಸಿಗದಿದ್ದರೆ ಬೇರಿಂಗ್‌ಗಳು ಇನ್ನೂರು ಸುತ್ತು ಬರಿಯ ಪಸೆಯ ಮೇಲೆ ಓಡಿವೆ ಎಂದಾಯಿತು. ಮೊದಲು ಕೈಕೊಡುವುದು ಸಾಮಾನ್ಯವಾಗಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬಿಗ್ ಎಂಡ್, ಅಂದರೆ ಕ್ರ್ಯಾಂಕಿನ ಕಡೆಯ ಬೇರಿಂಗ್. ದೀಪವನ್ನಂತೂ ನೆಚ್ಚಿಕೊಳ್ಳಬೇಡಿ. ಒತ್ತಡ ಅರ್ಧ ಬಾರ್ ಆಸುಪಾಸಿಗೆ ಕುಸಿದ ಮೇಲಷ್ಟೇ ಅದು ಹೊತ್ತಿಕೊಳ್ಳುತ್ತದೆ. ಒಂದು ಒತ್ತಡದ ಗೇಜ್ ಹಾಕಿಸಿ, ಸೂಜಿ ಬೀಳುವುದು ಎಡತಿರುವಿನಲ್ಲೋ ಬಲತಿರುವಿನಲ್ಲೋ, ಬ್ರೇಕ್ ಒತ್ತಿದಾಗಲೋ ಗಮನಿಸಿ. ಮುಂದಿನ ಕೆಲಸವೆಲ್ಲ ಆ ಉತ್ತರದ ಮೇಲೆ ನಿಂತಿದೆ.

ಏನನ್ನಾದರೂ ಕೊಳ್ಳುವ ಮೊದಲು ಕಾರನ್ನು ರ‍್ಯಾಂಪಿಗೆ ಹತ್ತಿಸಿ ಸಂಪಿನ ತಳ ನೋಡಿ. ನಮ್ಮ ಕಡೆಯ ಕಾರುಗಳಿಗೆ ಇದು ಬಹಳ ಮುಖ್ಯ. ಕಾಫಿ ತೋಟದ ದಾರಿಯ ಕಲ್ಲು ಬಡಿದು ತಳ ಒಳಕ್ಕೆ ತಗ್ಗಿದ್ದರೆ ಅದು ಹೀರುಕೊಳವೆಯ ಜಾಲರಿಗೆ ತಾಗುವಷ್ಟು ಹತ್ತಿರ ಬಂದು ಎಣ್ಣೆಯ ದಾರಿಯನ್ನೇ ಕಟ್ಟಿಬಿಡುತ್ತದೆ. ಹೊರಗಿನಿಂದ ಬೆರಳಗಲದ ತಗ್ಗು ಅಷ್ಟೇ ಕಾಣುತ್ತದೆ, ಒಳಗೆ ಪಂಪ್ ಏದುಸಿರು ಬಿಡುತ್ತಿರುತ್ತದೆ. ಸಂಪ್ ಬಿಚ್ಚಿ ತಗ್ಗು ತೆಗೆಸಿ, ಗಾರ್ಡ್ ಹಾಕಿಸಿ.

ನಂತರ ಎಣ್ಣೆಯ ಮಟ್ಟ. ಟ್ರ್ಯಾಕ್‌ಗೆ ಇಳಿಯುವಾಗ ಮೇಲಿನ ಗುರುತಿಗೆ ಸರಿಯಾಗಿ ತುಂಬಿ. ಅರ್ಧ ಲೀಟರ್ ಹೆಚ್ಚಿಗೆ ಸುರಿಯುವ ರೂಢಿ ಕೆಲವರಲ್ಲಿದೆ. ಕೆಲವು ಎಂಜಿನ್‌ಗಳು ಅದನ್ನು ಸಹಿಸುತ್ತವೆ, ಉಳಿದವುಗಳಲ್ಲಿ ಕ್ರ್ಯಾಂಕ್ ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಗೆ ಭಾರ ಹೊರುವ ಶಕ್ತಿ ಇಲ್ಲ. ದಪ್ಪ ಎಣ್ಣೆ ಹಾಕಿದರಾಯಿತು ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕೊಳವೆಯ ಬಾಯಿಗೆ ಗಾಳಿ ಬಂದ ಮೇಲೆ ಎಣ್ಣೆ ದಪ್ಪವಾದರೇನು, ತೆಳುವಾದರೇನು? ದಪ್ಪ ಎಣ್ಣೆ ಹೆಡ್‌ನಿಂದ ಇಳಿಯುವುದೂ ನಿಧಾನ.

ನಿಮ್ಮ ಹಣಕ್ಕೆ ನಿಜವಾದ ಬೆಲೆ ಸಿಗುವುದು ಬ್ಯಾಫಲ್‌ನಲ್ಲಿ. ಸಂಪಿನೊಳಗೆ ಹೀರುಕೊಳವೆಯ ಸುತ್ತ ತಗಡಿನ ಗೋಡೆ ಕಟ್ಟಿ, ಅದರಲ್ಲಿ ಒಳಕ್ಕೆ ಮಾತ್ರ ತೆರೆಯುವ ಪುಟ್ಟ ಬಾಗಿಲುಗಳನ್ನು ಇಡುತ್ತಾರೆ. ಎಣ್ಣೆ ಕೊಳವೆಯ ಕಡೆಗೆ ಬರಬಹುದು, ಹೊರಗೆ ಓಡಿಹೋಗುವಂತಿಲ್ಲ. ಬೆಸುಗೆ ಹಾಕುವವರು ಒಳ್ಳೆಯ ಕೈಯವರಾಗಿರಲಿ. ಕಳಚಿದ ಒಂದು ಚೂರು ಜಾಲರಿಗೆ ಅಡ್ಡ ಬಂದರೆ ರೋಗಕ್ಕಿಂತ ಮದ್ದೇ ಕೆಟ್ಟದ್ದಾಗುತ್ತದೆ. ಅದಾದ ಮೇಲೂ ಸೂಜಿ ಬಿದ್ದರೆ ಅಕ್ಯುಸಂಪ್ ಇದೆ. ಅದು ಪಿಸ್ಟನ್ ಇರುವ ಉರುಳೆ, ಒಂದು ಬದಿಗೆ ಒತ್ತಿದ ಗಾಳಿ, ಇನ್ನೊಂದು ಬದಿಗೆ ಎಣ್ಣೆ. ಒತ್ತಡ ಇಳಿದ ಕ್ಷಣ ಗಾಳಿಯು ಎಣ್ಣೆಯನ್ನು ಎಂಜಿನ್ನಿಗೆ ತಳ್ಳುತ್ತದೆ. ಕೆಲವು ಸೆಕೆಂಡುಗಳ ಆಸರೆ ಅಷ್ಟೇ, ಆದರೆ ಒಂದು ತಿರುವಿಗೆ ಅಷ್ಟು ಸಾಕು. ಡ್ರೈ ಸಂಪ್‌ನಲ್ಲಿ ಎಣ್ಣೆಯನ್ನು ಬೇರೆ ಪಂಪ್‌ಗಳು ಎತ್ತರದ ಪ್ರತ್ಯೇಕ ಟ್ಯಾಂಕಿಗೆ ಸಾಗಿಸುತ್ತವೆ. 1964ರಲ್ಲಿ ಉತ್ಪಾದನೆ ಶುರುವಾದ ಪೋರ್ಷೆ 911ರಲ್ಲಿಯೇ ಅದಿತ್ತು. ವ್ಯವಸ್ಥೆ ಅತ್ಯುತ್ತಮ, ಆದರೆ ನಿಮ್ಮ ಹ್ಯಾಚ್‌ಬ್ಯಾಕಿಗೆ ಅದು ದುಂದುವೆಚ್ಚ. ಇದರಲ್ಲಿ ಯಾವುದನ್ನು ಮಾಡಿಸುವುದಿದ್ದರೂ ನಿಮ್ಮ ಸ್ಪರ್ಧೆಯ ವರ್ಗದ ನಿಯಮ ಓದಿಕೊಳ್ಳಿ.

ಇನ್ನು, ದೀಪ ಈಗಾಗಲೇ ಮಿನುಗಿದೆಯಲ್ಲ, ಆಯಿಲ್ ಫಿಲ್ಟರ್ ಬಿಚ್ಚಿ ಕತ್ತರಿಸಿ. ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ ಬಿಸಿಲಿಗೆ ಹಿಡಿದು ಓರೆ ಮಾಡಿ ನೋಡಿ. ಆಯಸ್ಕಾಂತಕ್ಕೆ ಅಂಟುವುದು ಕಬ್ಬಿಣ ಅಥವಾ ಉಕ್ಕು. ಅಂಟದ ಹೊಳಪಿನ ಹುಡಿ ಹೆಚ್ಚಾಗಿದ್ದರೆ ಬೇರಿಂಗ್ ಕ್ಯಾಪ್ ತೆಗೆಸಿ. ಬೂದು ಪದರ ಸವೆದು ತಾಮ್ರದ ಬಣ್ಣ ಇಣುಕುತ್ತಿದ್ದರೆ ಆ ಬೇರಿಂಗಿನ ಆಯುಸ್ಸು ಮುಗಿಯುತ್ತಾ ಬಂದಿದೆ. ಮುಂದಿನ ಸಲ ಟ್ರ್ಯಾಕಿನಲ್ಲೇ ಸೂಜಿ ಬಿದ್ದರೆ ಕ್ಲಚ್ ಒತ್ತಿ, ಆಕ್ಸಿಲರೇಟರ್ ಬಿಟ್ಟು ಕಾರನ್ನು ನೇರ ಮಾಡಿ. ಕೆಳಗಿನಿಂದ ಕಟಕಟ ಸದ್ದು ಕೇಳಿದರೆ ಅಲ್ಲೇ ಎಂಜಿನ್ ಆರಿಸಿ, ಕಾರನ್ನು ಲಾರಿಯ ಮೇಲೆ ಊರಿಗೆ ತನ್ನಿ.