ಹಳೆಯ ಎಫ್-150 ಪಿಕಪ್‌ನ ಹಿಂಬದಿ ಎಬಿಎಸ್: ದೋಷ ಹುಡುಕುವ ಕ್ರಮ

ಫೋರ್ಡ್ ಕಂಪನಿಯು 1987ರ ಮಾದರಿಯಿಂದ ತನ್ನ ಎಫ್-150 ಪಿಕಪ್‌ಗೆ ಅಳವಡಿಸಿದ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರಗಳು ಲಾಕ್ ಆಗದಂತೆ, ಅಂದರೆ ತಿರುಗದೆ ನಿಂತು ಜಾರದಂತೆ, ತಡೆಯುವ ವ್ಯವಸ್ಥೆ) ಹಿಂದಿನ ಎರಡು ಚಕ್ರಗಳನ್ನಷ್ಟೇ ನೋಡಿಕೊಳ್ಳುತ್ತದೆ. ಖಾಲಿ ಪಿಕಪ್‌ನ ಹಿಂಬದಿಯಲ್ಲಿ ಭಾರ ಕಡಿಮೆ; ಬ್ರೇಕ್ ಒತ್ತಿದಾಗ ಆ ಭಾರವೂ ಮುಂದಕ್ಕೆ ವಾಲುವುದರಿಂದ ಹಿಂದಿನ ಚಕ್ರಗಳು ಮೊದಲು ಲಾಕ್ ಆಗಿ ಗಾಡಿ ಅಡ್ಡ ತಿರುಗುವ ಅಪಾಯವಿರುತ್ತದೆ. ಅದೇ ಗಾಡಿಗೆ ಸರಕು ತುಂಬಿದಾಗ ಹಿಂದಿನ ಬ್ರೇಕುಗಳಿಗೆ ಪೂರ್ಣ ಬಲ ಬೇಕು. ಈ ಎರಡು ಸ್ಥಿತಿಗಳಿಗೂ ಒಂದೇ ಬ್ರೇಕ್ ಹೊಂದಿಕೊಳ್ಳಲೆಂದು ಬಂದದ್ದೇ ಆರ್‌ಎಬಿಎಸ್, ಅಂದರೆ ಹಿಂಬದಿ (ರಿಯರ್) ಎಬಿಎಸ್. 1988ರಿಂದ ಷೆವ್ರೊಲೆ ಪಿಕಪ್‌ಗಳಲ್ಲಿ ಬಂದ ವ್ಯವಸ್ಥೆಯೂ ಇದೇ ಜಾತಿಯದು, ಆದರೆ ದೋಷವನ್ನು ಸೂಚಿಸುವ ಕೋಡ್ ಓದುವ ವಿಧಾನ ಬೇರೆ. ಆದ್ದರಿಂದ ಈ ಟಿಪ್ಪಣಿಯನ್ನು 1987ರಿಂದ 1996ರವರೆಗಿನ ಎಫ್-150ಕ್ಕೆ ಸೀಮಿತಗೊಳಿಸಿದ್ದೇನೆ.

ಇದರ ಅಂಗಗಳು ಕೆಲವೇ. ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ಹೌಸಿಂಗ್‌ನ ಮೇಲ್ಭಾಗದಲ್ಲಿ ಒಂದು ಸೆನ್ಸರ್, ಒಳಗೆ ಕ್ರೌನ್ ವೀಲ್ (ಅದರೊಳಗಿನ ದೊಡ್ಡ ಗೇರು) ಜೊತೆಗೆ ತಿರುಗುವ ಹಲ್ಲಿನ ಉಂಗುರ, ಡ್ಯಾಶ್‌ಬೋರ್ಡ್ ಹಿಂದೆ ಒಂದು ಎಲೆಕ್ಟ್ರಾನಿಕ್ ನಿಯಂತ್ರಕ ಮಾಡ್ಯೂಲ್, ಚಾಸಿಸ್‌ಗೆ ಬಿಗಿದ ಒಂದು ವಾಲ್ವ್ ಜೋಡಣೆ. ಸೆನ್ಸರ್ ಇರುವುದು ಒಂದೇ ಆದ್ದರಿಂದ ಮಾಡ್ಯೂಲ್‌ಗೆ ತಿಳಿಯುವುದು ಎರಡು ಚಕ್ರಗಳ ಸರಾಸರಿ ವೇಗ ಮಾತ್ರ. ಆ ವೇಗ ಅಸಹಜವಾಗಿ ಕುಸಿದಾಗ ಅದು ಮೊದಲು ಐಸೊಲೇಶನ್ ವಾಲ್ವ್ ಮುಚ್ಚಿ, ಮಾಸ್ಟರ್ ಸಿಲಿಂಡರ್‌ನಿಂದ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲಿಗೆ ಒತ್ತಡ ಕೊಡುವ ಭಾಗ) ಬರುವ ಒತ್ತಡವನ್ನು ತಡೆಯುತ್ತದೆ. ಅದೂ ಸಾಲದಿದ್ದರೆ ಡಂಪ್ ವಾಲ್ವ್ ತೆರೆದು, ಹಿಂದಿನ ಲೈನಿನ ಸ್ವಲ್ಪ ಬ್ರೇಕ್ ಆಯಿಲನ್ನು ಒಂದು ಪುಟ್ಟ ಅಕ್ಯುಮುಲೇಟರ್‌ಗೆ (ಆಯಿಲ್ ಹಿಡಿದಿಡುವ ಕೋಣೆ) ಬಿಡುತ್ತದೆ. ಇದರಲ್ಲಿ ಪಂಪ್ ಇಲ್ಲ ಎಂಬುದನ್ನು ಗಟ್ಟಿಯಾಗಿ ನೆನಪಿಡಬೇಕು. ಬಿಟ್ಟ ಆಯಿಲ್ ಮಾಸ್ಟರ್ ಸಿಲಿಂಡರ್ ಕಡೆಗೆ ಹಿಂತಿರುಗುವುದು ಚಾಲಕ ಪೆಡಲ್‌ನಿಂದ ಕಾಲು ತೆಗೆದ ಮೇಲೆಯೇ.

ಇಗ್ನಿಷನ್ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನ ಎಬಿಎಸ್ ಹಳದಿ ದೀಪ ಸುಮಾರು ಎರಡು ಸೆಕೆಂಡು ಉರಿದು ಆರಬೇಕು. ಅದು ಉರಿಯದೇ ಇದ್ದರೆ ಮೊದಲು ಬಲ್ಬ್ ನೋಡಿ, ಏಕೆಂದರೆ ಎಷ್ಟೋ ಗಾಡಿಗಳಲ್ಲಿ ಹಿಂದಿನ ಮಾಲೀಕರು ದೀಪವನ್ನೇ ಕಿತ್ತು ದೋಷವನ್ನು ಮುಚ್ಚಿಟ್ಟಿರುತ್ತಾರೆ. ದೀಪ ಆರದೆ ಉರಿಯುತ್ತಿದ್ದರೆ ಮಾಡ್ಯೂಲ್ ಎಬಿಎಸ್ ಕೆಲಸವನ್ನು ಕೈಬಿಟ್ಟಿದೆ ಎಂದರ್ಥ. ಆಗ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಲಾಕ್ ತಡೆಯುವ ರಕ್ಷಣೆ ಇರುವುದಿಲ್ಲ. ಕೋಡ್ ಓದಲು ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ದೀಪ ಉರಿಯುತ್ತಿರುವಾಗಲೇ, ಕಪ್ಪು-ಕಿತ್ತಳೆ ತಂತಿಯ ಡಯಾಗ್ನೋಸ್ಟಿಕ್ ಕನೆಕ್ಟರನ್ನು ಜಂಪರ್ ತಂತಿಯಿಂದ ಒಂದೆರಡು ಸೆಕೆಂಡು ಚಾಸಿಸ್‌ಗೆ ಅರ್ತ್ ಮಾಡಬೇಕು. ದೀಪ ಹಲವು ಬಾರಿ ಚಿಕ್ಕದಾಗಿ ಮಿನುಗಿ ಕೊನೆಗೆ ಒಮ್ಮೆ ದೀರ್ಘವಾಗಿ ಉರಿಯುತ್ತದೆ. ಆ ದೀರ್ಘ ಮಿನುಗನ್ನೂ ಎಣಿಕೆಗೆ ಸೇರಿಸಬೇಕು. ಮೊದಲ ಸುತ್ತು ಅರ್ಧದಿಂದ ಶುರುವಾಗಿರಬಹುದಾದ್ದರಿಂದ ಅದನ್ನು ಬಿಟ್ಟು ನಂತರದ ಸುತ್ತುಗಳನ್ನು ಎಣಿಸಿ. ಹಳೆಯ ಮಾಡ್ಯೂಲ್‌ಗಳಲ್ಲಿ ಇಗ್ನಿಷನ್ ಆಫ್ ಮಾಡಿದರೆ ಕೋಡ್ ಅಳಿದುಹೋಗುತ್ತದೆ, ಮತ್ತು ಎರಡು ದೋಷಗಳಿದ್ದರೂ ಮೊದಲು ಕಂಡದ್ದನ್ನು ಮಾತ್ರ ಅದು ಹೇಳುತ್ತದೆ.

ಕೋಡ್ 2 ಐಸೊಲೇಶನ್ ವಾಲ್ವಿನ ಸರ್ಕ್ಯೂಟ್ ಕಡಿದಿದೆ ಎಂದೂ, 3 ಡಂಪ್ ವಾಲ್ವಿನದು ಕಡಿದಿದೆ ಎಂದೂ ತಿಳಿಸುತ್ತವೆ. ಇವೆರಡರಲ್ಲಿ ವೈರಿಂಗ್ ಮತ್ತು ಕನೆಕ್ಟರ್ ನೋಡದೆ ವಾಲ್ವ್ ಖರೀದಿಸುವುದು ದುಡ್ಡು ದಂಡ. ಕೋಡ್ 9 ಸೆನ್ಸರ್ ಸರ್ಕ್ಯೂಟಿನ ರೆಸಿಸ್ಟೆನ್ಸ್ ಹೆಚ್ಚಿದೆ ಅಥವಾ ತಂತಿ ತುಂಡಾಗಿದೆ ಎನ್ನುತ್ತದೆ, 10 ರೆಸಿಸ್ಟೆನ್ಸ್ ಕಡಿಮೆಯಾಗಿದೆ ಎನ್ನುತ್ತದೆ. ಸೆನ್ಸರಿನ ಎರಡು ಪಿನ್‌ಗಳ ನಡುವೆ ಮಲ್ಟಿಮೀಟರ್ 900ರಿಂದ 2500 ಓಮ್‌ನೊಳಗೆ ತೋರಿಸಬೇಕು.

ಕಲಿಯುವವರನ್ನು ಹೆಚ್ಚು ಕಾಡುವುದು ಕೋಡ್ 6, ಅಂದರೆ ಓಡುವಾಗ ಸೆನ್ಸರ್ ಸಂಕೇತ ಏರುಪೇರಾಗುವುದು. ಈ ಸೆನ್ಸರಿನಲ್ಲಿ ಅಯಸ್ಕಾಂತವಿದೆ, ಅದರ ತುದಿ ಡಿಫರೆನ್ಷಿಯಲ್ ಆಯಿಲ್ ಇರುವ ಜಾಗದಲ್ಲಿದೆ. ಗೇರುಗಳು ಸವೆದಾಗ ಬೀಳುವ ಕಬ್ಬಿಣದ ಹುಡಿ ವರ್ಷಾನುಗಟ್ಟಲೆ ಅದಕ್ಕೆ ಅಂಟುತ್ತಾ ಹೋಗಿ ಸಂಕೇತವನ್ನು ಕುಂದಿಸುತ್ತದೆ. ಇಂಥ ಸೆನ್ಸರ್ ಉಂಟುಮಾಡುವ ವೋಲ್ಟೇಜ್ ವೇಗದೊಂದಿಗೆ ಏರಿಳಿಯುವುದರಿಂದ, ಗಾಡಿ ನಿಧಾನವಾದಾಗ ದುರ್ಬಲ ಸಂಕೇತ ಒಮ್ಮೆಲೇ ಇಲ್ಲವಾಗುತ್ತದೆ. ಮಾಡ್ಯೂಲ್ ಅದನ್ನು ಚಕ್ರಗಳು ಲಾಕ್ ಆದವೆಂದು ತಿಳಿದು ಒತ್ತಡ ಇಳಿಸುತ್ತದೆ. ಗಾಡಿ ಇನ್ನೇನು ನಿಲ್ಲಬೇಕು ಎನ್ನುವಷ್ಟರಲ್ಲಿ ಪೆಡಲ್ ಕೆಳಗೆ ಜಾರಿತು ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. 1992ರ ಮಾದರಿಯಿಂದ ಸ್ಪೀಡೋಮೀಟರ್ ಕೂಡ ಇದೇ ಸೆನ್ಸರಿನಿಂದ ವೇಗ ಪಡೆಯುವುದರಿಂದ, ಮುಳ್ಳು ಕುಣಿಯುತ್ತಿದ್ದರೆ ಮಾಡ್ಯೂಲ್ ಮೇಲೆ ಅನುಮಾನ ಪಡುವ ಮುನ್ನ ಸೆನ್ಸರ್ ಬಿಚ್ಚಿ ನೋಡಬೇಕು. ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಒರೆಸಿ, ಇಲ್ಲವಾದರೆ ಅದು ನೇರವಾಗಿ ಗೇರುಗಳ ಮೇಲೆ ಬೀಳುತ್ತದೆ. ಸೆನ್ಸರ್ ಇದ್ದ ರಂಧ್ರದಿಂದಲೇ ಉಂಗುರದ ಹಲ್ಲುಗಳನ್ನು, ಕ್ರೌನ್ ವೀಲನ್ನು ನಿಧಾನವಾಗಿ ತಿರುಗಿಸುತ್ತಾ, ಪರೀಕ್ಷಿಸಬಹುದು. ಒಂದು ಹಲ್ಲು ಮುರಿದಿದ್ದರೂ ಓಮ್ ಅಳತೆ ಸರಿಯಾಗಿಯೇ ಬರುತ್ತದೆ. ಆದ್ದರಿಂದ ಆ ಅಳತೆಯೊಂದನ್ನೇ ನಂಬಿ ಸೆನ್ಸರ್ ಸರಿಯಿದೆ ಎಂದು ತೀರ್ಮಾನಿಸುವುದು ಅವಸರದ ಕೆಲಸ.

ಕೋಡ್ 5 ಬಂದಾಗ ವಿದ್ಯುತ್ ಭಾಗವನ್ನು ಮರೆತು ಹಿಂದಿನ ಬ್ರೇಕ್ ಡ್ರಮ್ ಬಿಚ್ಚುವುದೇ ಮೇಲು. ಡಂಪ್ ವಾಲ್ವ್ ಮಿತಿಮೀರಿದಷ್ಟು ಸಲ ತೆರೆದುಕೊಂಡಿದೆ ಎಂಬುದು ಇದರ ಅರ್ಥ. ಹಿಂದಿನ ಬ್ರೇಕ್ ನಿಜವಾಗಿಯೂ ಹಿಡಿದುಕೊಳ್ಳುತ್ತಿರಬಹುದು, ಮಾಡ್ಯೂಲ್ ತನ್ನ ಕರ್ತವ್ಯವನ್ನಷ್ಟೇ ಮಾಡಿರಬಹುದು. ಆಕ್ಸಲ್ ಸೀಲ್ ಸೋರಿ ಬ್ರೇಕ್ ಶೂಗಳ ಮೇಲೆ ಆಯಿಲ್ ಬಿದ್ದಿದೆಯೇ, ವೀಲ್ ಸಿಲಿಂಡರ್ ಒದ್ದೆಯಾಗಿದೆಯೇ, ಡ್ರಮ್ ಅಂಡಾಕಾರಕ್ಕೆ ಸವೆದಿದೆಯೇ, ಪಾರ್ಕಿಂಗ್ ಬ್ರೇಕ್ ಕೇಬಲ್ ತುಕ್ಕು ಹಿಡಿದು ಅರ್ಧ ಎಳೆದೇ ನಿಂತಿದೆಯೇ ಎಂಬುದನ್ನೆಲ್ಲ ನೋಡಬೇಕು. ಇಷ್ಟು ಹಳೆಯ ಗಾಡಿಯ ಲೈನರ್ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದನ್ನು ಗಾಳಿಯಿಂದ ಊದದೆ ಒದ್ದೆ ಮಾಡಿ ಒರೆಸಬೇಕು.

ದೀಪಕ್ಕೆ ಸುಳಿವೇ ಸಿಗದ ದೋಷವೂ ಒಂದಿದೆ. ಡಂಪ್ ವಾಲ್ವಿನ ಸೀಟಿನ ಮೇಲೆ ಕಸ ಕುಳಿತು ಅದು ಪೂರ್ತಿ ಮುಚ್ಚದಿದ್ದರೆ, ಪ್ರತಿ ಬಾರಿ ಬ್ರೇಕ್ ಒತ್ತಿದಾಗಲೂ ಸ್ವಲ್ಪ ಆಯಿಲ್ ಅಕ್ಯುಮುಲೇಟರ್ ಕಡೆಗೆ ಸರಿದು ಪೆಡಲ್ ಮೆತ್ತಗಾಗುತ್ತದೆ. ಹೊರಗೆ ಸೋರಿಕೆ ಕಾಣಿಸುವುದಿಲ್ಲ, ಬ್ರೇಕ್ ಲೈನಿನೊಳಗಿನ ಏರ್ ತೆಗೆದರೂ ಗುಣ ಕಾಣುವುದಿಲ್ಲ. ಮಾಸ್ಟರ್ ಸಿಲಿಂಡರಿನ ಒಳಸೀಲ್ ಹೋದಾಗಲೂ ಇಂಥದೇ ಲಕ್ಷಣ ಇರುವುದರಿಂದ ಬಹಳ ಜನ ಮೊದಲು ಅದನ್ನೇ ಬದಲಿಸಿಬಿಡುತ್ತಾರೆ. ಮಾಸ್ಟರ್ ಸಿಲಿಂಡರಿನಿಂದ ಹಿಂದಿನ ಲೈನ್ ಹೊರಡುವ ಬಾಯಿಗೆ ತಾತ್ಕಾಲಿಕವಾಗಿ ಪ್ಲಗ್ ಹಾಕಿ ಪೆಡಲ್ ಒತ್ತಿದರೆ ಸಂದೇಹ ಕಡಿಮೆಯಾಗುತ್ತದೆ: ಆಗ ಪೆಡಲ್ ಗಟ್ಟಿಯಾಗಿ ನಿಂತರೆ ದೋಷ ಆ ಹಿಂದಿನ ಲೈನಿನಲ್ಲಿ, ವಾಲ್ವಿನಲ್ಲಿ ಅಥವಾ ಡ್ರಮ್‌ಗಳಲ್ಲಿದೆ, ಆಗಲೂ ಇಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರನ್ನೇ ನೋಡಬೇಕು. ಡ್ರಮ್ ಹೊಂದಾಣಿಕೆ ಸಡಿಲವಾಗಿದ್ದರೂ ಪೆಡಲ್ ಕೆಳಗಿಳಿಯುವುದರಿಂದ, ವಾಲ್ವ್ ಬದಲಿಸುವ ಮುನ್ನ ಶೂಗಳ ಹೊಂದಾಣಿಕೆ ಮುಗಿದಿರಬೇಕು.

ದುರಸ್ತಿಯ ನಂತರ ಏರ್ ತೆಗೆದು, ಪೆಡಲ್ ಗಟ್ಟಿಯಾಗಿದೆ ಎಂದು ಖಚಿತಪಡಿಸಿಕೊಂಡು, ಜನರಿಲ್ಲದ ಜಲ್ಲಿ ಹಾಸಿನ ಬಯಲಿನಲ್ಲಿ ಮಿತ ವೇಗದಲ್ಲಿ ಬ್ರೇಕ್ ಒತ್ತಿ ನೋಡಬೇಕು. ಆಗ ಮುಂದಿನ ಚಕ್ರಗಳು ಲಾಕ್ ಆಗಿ ಜಾರಿದರೆ ಅದನ್ನು ದೋಷವೆಂದು ಬರೆದುಕೊಳ್ಳಬಾರದು. ಈ ವ್ಯವಸ್ಥೆಯಲ್ಲಿ ಮುಂದಿನ ಬ್ರೇಕುಗಳಿಗೆ ಎಬಿಎಸ್ ಇಲ್ಲವೇ ಇಲ್ಲ.