ಸುಮ್ಮನಾದ ಮಗುವಿಗೆ ಧೈರ್ಯ ಬಂದಿದೆ ಅಂತಲ್ಲ

"ಮೊದಲು ಸ್ವಲ್ಪ ಅತ್ತ ಮೇಡಂ, ಆಮೇಲೆ ಸುಮ್ಮನಾದ."

ದೊಡ್ಡ ರಜೆ ಮುಗಿದು ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಈ ಮಾತು ನನಗೆ ಮತ್ತೆ ಮತ್ತೆ ಕೇಳಲು ಸಿಗುತ್ತದೆ. ಪರಶ್ಶಿನಿಕಡವಿನ ವಿಸ್ಮಯ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಿ ಬಂದವರು, ಬೆಂಗಳೂರಿನ ನೆಂಟರ ಮನೆಗೆ ಹೋದಾಗ ವಂಡರ್‌ಲಾ ನೋಡಿ ಬಂದವರು, ಊರ ಜಾತ್ರೆಯಲ್ಲಿ ಕೊಲಂಬಸ್ ಅನ್ನುವ ತೂಗುವ ದೋಣಿಯ ಸವಾರಿಗೆ ಹತ್ತಿಸಿದವರು, ಎಲ್ಲರೂ ಹೇಳುವುದು ಇದನ್ನೇ. ಹೇಳುವಾಗ ಮುಖದಲ್ಲಿ ಒಂದು ಸಮಾಧಾನ ಇರುತ್ತದೆ. ಅಂತೂ ಮಗುವಿನ ಹೆದರಿಕೆ ಬಿಡಿಸಿದೆವಲ್ಲ ಅಂತ. ಆದರೆ ಅವರು ನನ್ನ ಹತ್ತಿರ ಬಂದಿರುವುದು, ಮಗು ರಾತ್ರಿ ಬೆಚ್ಚಿ ಎದ್ದು ಕೂರುತ್ತದೆ ಅಂತ. ಇಲ್ಲವೇ ಲಿಫ್ಟ್ ಒಳಗೆ ಕಾಲಿಡಲು ಒಪ್ಪುವುದಿಲ್ಲ ಅಂತ. ಇದಕ್ಕೂ ಅದಕ್ಕೂ ಸಂಬಂಧ ಇರಬಹುದು ಅಂತ ಅವರಿಗೆ ಹೊಳೆದಿರುವುದಿಲ್ಲ.

ಹಾಗಾಗಿ ಈ ಸಲ ಈ ಒಂದು ವಿಷಯವನ್ನೇ ಉದ್ದಕ್ಕೆ ಬರೆಯುತ್ತೇನೆ. ನೀರಿನ ಬಾಟಲಿ, ಟೊಪ್ಪಿ, ಊಟವಾದ ಕೂಡಲೇ ಹತ್ತಬಾರದು, ಇವೆಲ್ಲ ನಿಮಗೆ ಗೊತ್ತಿರುವಂಥದ್ದೇ.

ಮಗು ಹೆದರಿದಾಗ ಅದರ ಮೈ ಎರಡು ದಾರಿ ಹುಡುಕುತ್ತದೆ. ಒಂದು, ಓಡುವುದು. ಇನ್ನೊಂದು, ಒದ್ದು ಕೊಸರಿ ಬಿಡಿಸಿಕೊಳ್ಳುವುದು. ಅಳುವುದು ಇವೆರಡರ ಜೊತೆಗೇ ಬರುತ್ತದೆ, "ಯಾರಾದರೂ ಬನ್ನಿ" ಅಂತ ಕರೆಯುವ ಹಾಗೆ. ಈಗ ಕೊಲಂಬಸ್‌ನಲ್ಲಿ ಕೂತ ಮಗುವನ್ನು ನೋಡಿ. ಮಡಿಲಿನ ಮೇಲೆ ಕಬ್ಬಿಣದ ಸರಳು ಬಂದು ಕೂತಿದೆ. ಓಡುವಂತಿಲ್ಲ, ಕೊಸರುವಂತಿಲ್ಲ. ಕರೆದರೆ ಪಕ್ಕದಲ್ಲೇ ಕೂತ ಅಪ್ಪ ನಗುತ್ತಾ ಮೊಬೈಲ್ ಹಿಡಿದಿದ್ದಾರೆ. ಮೂರು ದಾರಿಯೂ ಮುಚ್ಚಿದ ಮೇಲೆ ಉಳಿಯುವುದು ಒಂದೇ, ಮರಗಟ್ಟಿ ಕೂರುವುದು. ದೊಡ್ಡವರಿಗೂ ಹೀಗಾಗುತ್ತದೆ. ಹೊರಗಿನಿಂದ ನೋಡುವವರಿಗೆ ಮಗು ಶಾಂತವಾದ ಹಾಗೆ ಕಾಣುತ್ತದೆ. ಒಳಗೆ ಹೆದರಿಕೆ ಎಷ್ಟಿತ್ತೋ ಅಷ್ಟೇ ಇರಬಹುದು, ಜಾಸ್ತಿಯೂ ಆಗಿರಬಹುದು. ಅಳು ನಿಂತದ್ದು ಕರೆದು ಪ್ರಯೋಜನ ಇಲ್ಲ ಅಂತ ಗೊತ್ತಾದ್ದರಿಂದ.

ಇದನ್ನು ಎಷ್ಟು ಸಲ ಹೇಳಿದರೂ ತಂದೆ-ತಾಯಂದಿರು ತಲೆಯಾಡಿಸಿ, ಕೊನೆಗೆ "ಆದರೂ ಸುಮ್ಮನಾದ ಅಲ್ವಾ ಮೇಡಂ" ಅನ್ನುತ್ತಾರೆ. ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ. ಸುಮ್ಮನಿರುವುದನ್ನು ನೋಡಿ ಲೆಕ್ಕ ಹಾಕಬೇಡಿ. ಇಳಿದ ಮೇಲೆ ನೋಡಿ. ಖುಷಿಪಟ್ಟ ಮಗುವಿನ ಬಾಯಿ ನಿಲ್ಲುವುದಿಲ್ಲ, ಇನ್ನೊಮ್ಮೆ ಹೋಗುವಾ ಅನ್ನುತ್ತದೆ. ಹೆದರಿದರೂ ನಿಭಾಯಿಸಿಕೊಂಡ ಮಗುವಿನ ಸ್ವರ ನಡುಗುತ್ತಿರುತ್ತದೆ, ಆದರೆ ಅದಕ್ಕೆ ಹೇಳುವುದಿರುತ್ತದೆ. "ನಾನು ಹತ್ತಿದೆ ಅಲ್ವಾ? ಅಜ್ಜಿಗೆ ಹೇಳ್ಬೇಕು." ಇದು ತುಂಬಾ ಒಳ್ಳೆಯದು. ಮರಗಟ್ಟಿದ ಮಗು ಹಾಗಲ್ಲ. ಸರಳು ಎತ್ತಿದ ಮೇಲೂ ಬೆರಳು ಬಿಡಿಸಿಕೊಂಡಿರುವುದಿಲ್ಲ. ಕೇಳಿದ್ದಕ್ಕೆ ಉತ್ತರ ಬರುವುದಿಲ್ಲ. ಎಲ್ಲೋ ನೋಡುತ್ತಿರುತ್ತದೆ. ಕೆಲವು ಮಕ್ಕಳ ಚಡ್ಡಿ ಒದ್ದೆಯಾಗಿರುತ್ತದೆ. ಹತ್ತಿಸಿದವರ ಕೈ ಬಿಟ್ಟು ಹತ್ತಿಸದವರ ಹತ್ತಿರ ಓಡುತ್ತವೆ. ಆ ಓಟವನ್ನು ಗಮನಿಸಿ, ದಯವಿಟ್ಟು.

ಬದಿಯಡ್ಕದ ಆಚೆಯ ಒಬ್ಬ ಹುಡುಗನ ಕತೆ ಹೇಳುತ್ತೇನೆ, ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿ. ಐದು ವರ್ಷದವನು. ಜಾತ್ರೆಯಲ್ಲಿ ಮಾವ ಎತ್ತಿಕೊಂಡು ಹೋಗಿ ಕೊಲಂಬಸ್‌ನ ತುದಿಯ ಸಾಲಿನಲ್ಲಿ ಕೂರಿಸಿದರು. "ಗಂಡು ಹುಡುಗ ಅಲ್ವಾ, ಎಂತ ಹೆದರಿಕೆ!" ಹುಡುಗ ಅತ್ತ, ಆಮೇಲೆ ಸುಮ್ಮನಾದ. ಮನೆಯಲ್ಲಿ ಎಲ್ಲರೂ ವಿಡಿಯೋ ನೋಡಿ ನಕ್ಕರು. ಅದು ಮಾವನ ಸ್ಟೇಟಸ್‌ಗೂ ಹೋಯಿತು. ಮುಂದಿನ ಸೋಮವಾರದಿಂದ ಹುಡುಗ ಶಾಲೆಯ ವ್ಯಾನ್ ಹತ್ತಲಿಲ್ಲ. ಹಟ ಅಂದುಕೊಂಡು ಎರಡು ಪೆಟ್ಟೂ ಬಿತ್ತು. ವ್ಯಾನ್ ಅವನಿಗೆ ಹೊಸದಲ್ಲ, ಡ್ರೈವರ್ ಅಂದರೆ ಪ್ರೀತಿ. ಕೂರಿಸಿ ಮಾತಾಡಿಸಿದಾಗ ಗೊತ್ತಾಯಿತು, ಅವನಿಗೆ ಹೆದರಿಕೆ ಬಾಗಿಲು ಹಾಕುವಾಗಿನ "ಟಕ್" ಸದ್ದಿಗೆ. ಕೊಲಂಬಸ್‌ನ ಸರಳು ಬೀಳುವಾಗಲೂ ಅದೇ ಸದ್ದು.

ಹೆದರಿಕೆ ಹೀಗೆ ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತದೆ ಅನ್ನುವುದು ನಮ್ಮ ಮನಶ್ಶಾಸ್ತ್ರದ ಕ್ಷೇತ್ರದಲ್ಲಿ ಹಳೆಯ ವಿಷಯ. ಅದನ್ನು ಇಳಿಸುವ ದಾರಿಯೂ ಹಳೆಯದೇ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ 1924ರಲ್ಲಿ ಪೀಟರ್ ಅನ್ನುವ ಮಗುವಿನ ಬಗ್ಗೆ ಬರೆದರು. ಇನ್ನೂ ಮೂರು ತುಂಬದ ಅವನಿಗೆ ಮೊಲ ಕಂಡರೆ ಆಗುತ್ತಿರಲಿಲ್ಲ. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ಗೂಡಿನಲ್ಲಿಟ್ಟು ದೂರದಲ್ಲಿ ಇಡುತ್ತಿದ್ದರು. ಅವನು ಸಹಿಸುವಷ್ಟು ಮಾತ್ರ ಹತ್ತಿರ ತರುತ್ತಿದ್ದರು. ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನೂ ಜೊತೆಗೆ ಆಡಲು ಬಿಡುತ್ತಿದ್ದರು. ನಡುವೆ ಒಂದು ದೊಡ್ಡ ನಾಯಿ ಅವನ ಮೇಲೆ ಹಾರಿ, ಇಳಿದ ಹೆದರಿಕೆಯೆಲ್ಲ ಮತ್ತೆ ಏರಿತು. ಪುನಃ ಶುರು ಮಾಡಿದರು. ಕೊನೆಗೆ ಅವನು ಮೊಲವನ್ನು ಸವರಿ ಆಡಿಸಿದ. ಅವಸರ ಮಾಡಿದರೆ ತಿಂಡಿಗೇ ಹೆದರಿಕೆ ಅಂಟಿಕೊಳ್ಳಬಹುದು ಅಂತ ಆಕೆ ಎಚ್ಚರಿಸಿದ್ದರು. ನೂರು ವರ್ಷ ಆಯಿತು. ನಾವಿನ್ನೂ ಮಕ್ಕಳನ್ನು ಎತ್ತಿ ಕೊಲಂಬಸ್‌ನಲ್ಲಿ ಕೂರಿಸುತ್ತಿದ್ದೇವೆ.

ನಮ್ಮ ಹುಡುಗನಿಗೂ ಅದನ್ನೇ ಮಾಡಿದೆವು. ನಿಂತ ವ್ಯಾನ್, ಎಂಜಿನ್ ಬಂದ್. ಬಾಗಿಲು ತೆಗೆಯುವ, ಹಾಕುವ ಕೆಲಸ ಅವನದ್ದೇ. ಮೊದಲು ಹೊರಗೆ ನಿಂತು, ಆಮೇಲೆ ಒಳಗೆ ಕೂತು. ಡ್ರೈವರಣ್ಣ ಪುಣ್ಯಾತ್ಮ, ದಿನಾ ಸಂಜೆ ಅವನಿಗೋಸ್ಕರ ಹೊತ್ತು ಕೊಟ್ಟರು. ಕೆಲವು ವಾರ ಹಿಡಿಯಿತು.

"ನಮ್ಮನ್ನು ಕೆರೆಗೆ ದೂಡಿ ಹಾಕಿಯೇ ಈಜು ಕಲಿಸಿದ್ದು" ಅಂತ ವಾದ ಮಾಡುವ ಅಜ್ಜಂದಿರು ನನಗೆ ಸಾಕಷ್ಟು ಸಿಗುತ್ತಾರೆ. ಹೌದು, ಹಾಗೆ ಕಲಿತವರಿದ್ದಾರೆ. ಅದೇ ಕೆರೆಗೆ ಮತ್ತೆ ಇಳಿಯದವರೂ ಇದ್ದಾರೆ, ಅವರು ಆ ಕತೆ ಹೇಳುವುದಿಲ್ಲ ಅಷ್ಟೇ. ಮತ್ತೊಂದು ವ್ಯತ್ಯಾಸ ಉಂಟು. ಕೆರೆಗೆ ಬಿದ್ದವನು ತಾನೇ ಕೈಕಾಲು ಬಡಿದು ದಡ ಸೇರಿದ. ಕೊಲಂಬಸ್‌ನಲ್ಲಿ ಮಗು ಮಾಡುವಂಥದ್ದು ಏನೂ ಇಲ್ಲ. ನಿಲ್ಲುವವರೆಗೆ ಕೂತಿರಬೇಕು. ಅದರಿಂದ ಅದು ಏನು ಕಲಿಯಬೇಕು?

ಇಷ್ಟು ಹೇಳಿದ ಕೂಡಲೇ ಇನ್ನೊಂದು ತುದಿಗೆ ಹೋಗುವವರಿದ್ದಾರೆ. "ಹಾಗಾದ್ರೆ ಇನ್ನು ಜಾತ್ರೆಗೇ ಕರ್ಕೊಂಡು ಹೋಗುವುದಿಲ್ಲ." ಅದೂ ಬೇಡ. ಹೆದರಿದ ಕೂಡಲೇ ಓಡಿ ಬಂದು ಮತ್ತೆ ಆ ಕಡೆ ತಲೆ ಹಾಕದಿದ್ದರೆ, ಓಡಿದ್ದಕ್ಕೇ ಬದುಕಿದೆ ಅಂತ ಮಗು ನಂಬುತ್ತದೆ. ಹೆದರಿಕೆ ಹಾಗೇ ಉಳಿಯುತ್ತದೆ. ಬೇಕಾದ್ದು ಇವೆರಡರ ನಡುವಿನದ್ದು. ಮಗು ಸಹಿಸುವ ದೂರದಲ್ಲಿ, ಹೆದರಿಕೆ ಇಳಿಯುವ ತನಕ, ಜೊತೆಗೆ ನಿಲ್ಲುವುದು.

ನಮ್ಮ ಕಾಸರಗೋಡಿನವರಿಗೆ ಇದು ಹೊಸದಾಗಬಾರದು. ಯಕ್ಷಗಾನದಲ್ಲಿ ರಾಕ್ಷಸನ ಬಣ್ಣದ ವೇಷ ಆರ್ಭಟ ಕೊಟ್ಟು ರಂಗಕ್ಕೆ ಬಂದರೆ ಮಕ್ಕಳು ಕಿಟಾರನೆ ಕಿರುಚುತ್ತವೆ. ಮುಂಚೆಯೇ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋದ ಮಗು ಅಷ್ಟು ಹೆದರುವುದಿಲ್ಲ. ಅಕ್ಕಿಹಿಟ್ಟು ಸುಣ್ಣದ ಉಬ್ಬು ಚುಕ್ಕೆ, ಚಿಟ್ಟಿ, ಒಂದೊಂದಾಗಿ ಮುಖದ ಮೇಲೆ ಏಳುವುದನ್ನು ಅದು ನೋಡಿದೆ. ಬಣ್ಣ ಹಚ್ಚುತ್ತಾ ಆ ಮಾಮ ಚಾ ಕುಡಿದದ್ದನ್ನೂ ನೋಡಿದೆ. ಸವಾರಿಯ ಹತ್ತಿರ ಹೋದಾಗಲೂ ಚೌಕಿ ತೋರಿಸಿ. ಸಾಲಿಗೆ ಸೇರುವ ಮೊದಲು ಜನ ಇಳಿಯುವ ಬಾಗಿಲ ಹತ್ತಿರ ನಿಲ್ಲಿ. ನಗುತ್ತಾ ಇಳಿಯುವವರು, ತಲೆ ಹಿಡಿದುಕೊಂಡು ಇಳಿಯುವವರು, ಎಲ್ಲರೂ ಕಾಣಲಿ. ಎಷ್ಟು ಹೊತ್ತು ಓಡುತ್ತದೆ ಅಂತ ಮಗುವೇ ಎಣಿಸಲಿ. ಎರಡು ಮೂರು ಸರದಿ ನೋಡುವಷ್ಟರಲ್ಲಿ ಅದಕ್ಕೆ ಶುರು ಎಲ್ಲಿ, ಕೊನೆ ಎಲ್ಲಿ ಅಂತ ಗೊತ್ತಾಗುತ್ತದೆ.

ಇದ್ದದ್ದನ್ನು ಇದ್ದ ಹಾಗೆ ಹೇಳಿ. "ಎಂತ ಆಗುದಿಲ್ಲ" ಅಂತ ಹೇಳಿ ಹತ್ತಿಸಿ, ಹೊಟ್ಟೆ ಝಲ್ ಅಂದಾಗ ಮಗು ನಿಮ್ಮನ್ನು ನಂಬುವುದು ಹೇಗೆ? ಕೆಳಗೆ ಬೀಳುವಾಗ ಹೊಟ್ಟೆ ತೇಲಿದ ಹಾಗಾಗುತ್ತದೆ, ಅದು ಎಲ್ಲರಿಗೂ ಆಗುತ್ತದೆ, ಕೂಡಲೇ ಹೋಗುತ್ತದೆ, ಅಂತ ಹೇಳಿ. ಜೈಂಟ್ ವೀಲ್ ಆದರೆ ಒಂದು ಮಾತು ಮರೆಯಬೇಡಿ. ಕೆಳಗೆ ಜನ ಹತ್ತಿಸುವಾಗ ನಮ್ಮ ತೊಟ್ಟಿಲು ಮೇಲೆ ನಿಲ್ಲುತ್ತದೆ, ಗಾಳಿಗೆ ಸ್ವಲ್ಪ ಅಲ್ಲಾಡುತ್ತದೆ. ಇದನ್ನು ಹೇಳದಿದ್ದರೆ ಚಕ್ರ ಹಾಳಾಯಿತು, ಇನ್ನು ಇಳಿಯಲು ಆಗುವುದಿಲ್ಲ ಅಂತಲೇ ಮಗು ತಿಳಿಯುತ್ತದೆ. ಕೊಲಂಬಸ್‌ಗೆ ಹೋಗುವುದಾದರೆ ನಡುವಿನ ಸಾಲು. ತುದಿಗೆ ಹೋದಷ್ಟೂ ಏರಿಳಿತ ಜಾಸ್ತಿ. ಸವಾರಿ ನಡೆಸುವವರು ಹೆಚ್ಚಾಗಿ ಹಿಂದಿಯಲ್ಲೋ ಮಲಯಾಳದಲ್ಲೋ ಕೂಗುತ್ತಾರೆ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಆಡುವ ಪುಟ್ಟ ಮಗುವಿಗೆ ಅದು ಬೈಗುಳದ ಹಾಗೆ ಕೇಳಬಹುದು. "ಕೈ ಒಳಗಿಡಿ ಅಂತ ಹೇಳುತ್ತಿದ್ದಾರೆ" ಅಂತ ನೀವೇ ತಿಳಿಸಿ.

ಆಮೇಲೆ, ಹಿಂದೆ ಬರುವ ಹಕ್ಕು. ಸರಳು ಬೀಳುವ ತನಕ ಯಾವಾಗ ಬೇಡ ಅಂದರೂ ವಾಪಸ್ ಬರೋಣ ಅಂತ ಮೊದಲೇ ಮಾತು ಕೊಡಿ. ಕೊಟ್ಟರೆ ಉಳಿಸಿಕೊಳ್ಳಿ. ಅರ್ಧ ಗಂಟೆ ಸಾಲು ನಿಂತು, ಗೇಟಿನ ಬಾಯಿಗೆ ಬಂದ ಮೇಲೆ ಬೇಡ ಅಂದರೆ ಸಿಟ್ಟು ಬರುತ್ತದೆ, ನಿಜ. ಟಿಕೆಟಿಗೆ ಕೊಟ್ಟ ದುಡ್ಡೂ ನೆನಪಾಗುತ್ತದೆ. ಆದರೂ ಬನ್ನಿ. ಒಮ್ಮೆ ಹಾಗೆ ಹಿಂದೆ ಬಂದ ಮಗು ಮುಂದಿನ ಸಲ ತಾನಾಗಿಯೇ ಮುಂದೆ ಹೋಗುವುದನ್ನು ನಾನು ಸಾಕಷ್ಟು ನೋಡಿದ್ದೇನೆ. ಎಲ್ಲ ಮಕ್ಕಳೂ ಹೋಗುತ್ತವೆ ಅಂತ ಹೇಳಲಾರೆ. ಕೆಲವರಿಗೆ ಇಂಥ ಆಟ ಜನ್ಮದಲ್ಲೇ ಇಷ್ಟವಾಗುವುದಿಲ್ಲ, ಅದರಲ್ಲಿ ಕೊರತೆ ಏನೂ ಇಲ್ಲ.

ನಿಮ್ಮ ಮುಖದ ಬಗ್ಗೆಯೂ ಎಚ್ಚರ ಇರಲಿ. 1985ರಲ್ಲಿ ಪ್ರಕಟವಾದ ಒಂದು ಹೆಸರಾಂತ ಪ್ರಯೋಗದಲ್ಲಿ ಒಂದು ವರ್ಷದ ಮಕ್ಕಳನ್ನು ಗಾಜಿನ ಮೇಜಿನ ಮೇಲೆ ಬಿಟ್ಟರು. ನಡುವೆ ಗಾಜಿನ ಅಡಿಯಲ್ಲಿ ಸುಮಾರು 30 ಸೆಂಟಿಮೀಟರ್ ತಗ್ಗು ಕಾಣುತ್ತಿತ್ತು. ಆಚೆ ನಿಂತ ಅಮ್ಮ ನಗುಮುಖ ತೋರಿಸಿದಾಗ 19 ಮಕ್ಕಳಲ್ಲಿ 14 ದಾಟಿ ಬಂದವು. ಹೆದರಿದ ಮುಖ ತೋರಿಸಿದಾಗ ಒಂದೂ ದಾಟಲಿಲ್ಲ. ನಿಮಗೇ ಎತ್ತರ ಆಗುವುದಿಲ್ಲವಾದರೆ ಮಗುವಿನ ಜೊತೆ ನೀವು ಹತ್ತಬೇಡಿ, ಚಿಕ್ಕಮ್ಮನೋ ಅಣ್ಣನೋ ಹೋಗಲಿ.

ಕೆಲವೊಮ್ಮೆ ಮಗುವಿನ ಹೆದರಿಕೆಯೇ ಸರಿ ಇರುತ್ತದೆ. "ಇದು ಲೂಸ್ ಉಂಟು" ಅಂತ ಮಗು ಹೇಳಿದರೆ ಗದರಬೇಡಿ, ನೋಡಿ. ಇಬ್ಬರಿಗೂ ಸೇರಿ ಒಂದೇ ಸರಳು ಇರುವ ಕಡೆ ಅದು ದೊಡ್ಡವರ ತೊಡೆಗೆ ತಾಗಿ ನಿಲ್ಲುತ್ತದೆ, ಮಗುವಿನ ಕಡೆ ಗೇಣು ಜಾಗ ಉಳಿಯುತ್ತದೆ. ಅಂಥಲ್ಲಿ ಸಣ್ಣ ಮಗುವನ್ನು ಕೂರಿಸಲೇಬೇಡಿ. ಎತ್ತರದ ಗುರುತಿನ ಕೆಳಗೆ ಮಗುವನ್ನು ತುದಿಗಾಲಲ್ಲಿ ನಿಲ್ಲಿಸುವವರಿಗೂ ಇದೇ ಮಾತು. ಆ ಗೆರೆ ಇರುವುದು ಬೆಲ್ಟು, ಸರಳು ಮೈಗೆ ಕೂರಬೇಕು ಅಂತ. ಫಿಟ್ಸ್, ಹೃದಯದ ತೊಂದರೆ, ಇತ್ತೀಚಿನ ಆಪರೇಷನ್ ಇದ್ದರೆ ನಿಮ್ಮ ಮಕ್ಕಳ ಡಾಕ್ಟರನ್ನು ಮೊದಲೇ ಕೇಳಿ.

ಇನ್ನು ಆಗಲೇ ಆಗಿಹೋಗಿದ್ದರೆ? ವಿಡಿಯೋ ಅಳಿಸಿ, ನೆಂಟರ ಗುಂಪಿನಿಂದಲೂ ತೆಗೆಸಿ. "ನಿನಗೆ ತುಂಬಾ ಹೆದರಿಕೆ ಆಯ್ತು, ನಾವು ಕೇಳಲಿಲ್ಲ" ಅಂತ ಮಗುವಿಗೆ ನೇರ ಹೇಳಿ. ಇಷ್ಟು ಹೇಳಿದ್ದಕ್ಕೇ ಕೆಲವು ಮಕ್ಕಳು ಆ ರಾತ್ರಿ ನಿದ್ದೆ ಮಾಡುತ್ತವೆ. ಮಗು ಅದನ್ನೇ ಚಿತ್ರ ಬಿಡಿಸಿದರೆ, ಆಟಿಕೆಯಲ್ಲಿ ಮತ್ತೆ ಮತ್ತೆ ಅದನ್ನೇ ಆಡಿದರೆ ತಡೆಯಬೇಡಿ. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಇಳಿಯುತ್ತದೆ. ತಿಂಗಳು ದಾಟಿದರೂ ರಾತ್ರಿ ಬೆಚ್ಚುವುದು, ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ವ್ಯಾನ್, ಲಿಫ್ಟ್, ಬಾಗಿಲು ಅಂತ ಹೆದರಿಕೆ ಹಬ್ಬುವುದು ಕಂಡರೆ ಕಾಯಬೇಡಿ. ಮಕ್ಕಳ ಡಾಕ್ಟರ್ ಅಥವಾ ಶಾಲೆಯ ಕೌನ್ಸಿಲರ್ ಹತ್ತಿರ ಹೋಗಿ. ಎಲ್ಲಿ ಕೇಳುವುದು ಅಂತ ಗೊತ್ತಾಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮಾತಾಡಬಹುದು.