ಅವಿಭಾಜ್ಯ ಸಂಖ್ಯೆ: ಶಿರಸಿಯ ಪಿನ್‌ಕೋಡಿನಿಂದ 4 ಕೋಟಿ ಅಂಕಿಗಳವರೆಗೆ

1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ್ದು ಅವಿಭಾಜ್ಯ ಸಂಖ್ಯೆ. 2, 3, 5, 7, 11, ಹೀಗೆ. 1 ಈ ಪಟ್ಟಿಗೆ ಸೇರುವುದಿಲ್ಲ. ಇಷ್ಟು ಶಾಲೆಯಲ್ಲೇ ಬಾಯಿಪಾಠ ಆಗಿರುತ್ತದೆ, ಅಲ್ವಾ? ಕಷ್ಟ ಇರುವುದು ಗುರುತು ಹಿಡಿಯುವುದರಲ್ಲಿ.

ಉತ್ತರ ಕನ್ನಡದ ಪಿನ್‌ಕೋಡುಗಳನ್ನೇ ನೋಡಿ. ಅಂಕೋಲಾ 581314. ಸಮಸಂಖ್ಯೆ, ಅಲ್ಲಿಗೆ ಮುಗಿಯಿತು. ಕಾರವಾರದ 581301ರ ಅಂಕಿಗಳನ್ನು ಕೂಡಿದರೆ 18, ಹಾಗಾಗಿ 9ರಿಂದ ಭಾಗವಾಗುತ್ತದೆ. ಕುಮಟಾದ 581343 ಸ್ವಲ್ಪ ಗಟ್ಟಿ. ಆದರೆ 581 ಕೂಡ 7ರ ಮಗ್ಗಿಯದೇ, 343 ಕೂಡ. ಸಿಕ್ಕಿಬಿತ್ತು.

ಶಿರಸಿಯ 581401 ಮಾತ್ರ ಸತಾಯಿಸುತ್ತದೆ. 7, 11, 13 ಯಾವುದಕ್ಕೂ ಬಗ್ಗುವುದಿಲ್ಲ. 17ರಿಂದ ಭಾಗಿಸಿದರೆ 1 ಉಳಿಯುತ್ತದೆ, 19ರಿಂದ ಭಾಗಿಸಿದರೂ 1! ಎಲ್ಲಿಯವರೆಗೆ ಹುಡುಕಬೇಕು? ವರ್ಗಮೂಲದವರೆಗೆ, ಅಂದರೆ 762ರವರೆಗೆ ಸಾಕು. ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಚಿಕ್ಕದು ಅದನ್ನು ದಾಟುವಂತಿಲ್ಲ. 81 ಅವಿಭಾಜ್ಯಗಳು ಸೋತ ಮೇಲೆ 82ನೆಯದು ಗೆಲ್ಲುತ್ತದೆ: 421 × 1381 = 581401. ಹುಡುಕಲು ಒಂದು ಮಧ್ಯಾಹ್ನ ಬೇಕು, ಗುಣಿಸಿ ನೋಡಲು ಅರ್ಧ ನಿಮಿಷ. ಇಂಟರ್ನೆಟ್‌ನಲ್ಲಿ ಗುಟ್ಟು ಕಾಯುವ ಆರ್‌ಎಸ್‌ಎ ಪದ್ಧತಿ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಅಲ್ಲಿ ಬಳಸುವ ಒಂದೊಂದು ಅವಿಭಾಜ್ಯಕ್ಕೂ ಸುಮಾರು 300 ಅಂಕಿ.

2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದ ಅವಿಭಾಜ್ಯದಲ್ಲಿ 4,10,24,320 ಅಂಕಿಗಳಿವೆ. ಪುಟಕ್ಕೆ 3,000ದಂತೆ ಅಚ್ಚು ಹಾಕಿದರೂ 13,000 ಪುಟಕ್ಕಿಂತ ಜಾಸ್ತಿ. ಬರೆಯುವ ರೀತಿ ಮಾತ್ರ ಚಿಕ್ಕದು: 2ರ 13,62,79,841ನೇ ಘಾತದಲ್ಲಿ 1 ಕಳೆಯಿರಿ. ಇಂಥವಕ್ಕೆ 17ನೇ ಶತಮಾನದ ಫ್ರೆಂಚ್ ಸನ್ಯಾಸಿ ಮರ್ಸೆನ್ ಹೆಸರಿದೆ. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಬರೀ 1ಗಳ ಸಾಲು, ಒಂದೂ ಸೊನ್ನೆ ಇಲ್ಲ.

ಇದನ್ನು ಶಿರಸಿಯ ಪಿನ್‌ಕೋಡಿನ ಹಾಗೆ ಭಾಗಿಸುತ್ತ ಕೂರುವುದು ಆಗದ ಮಾತು. ಮರ್ಸೆನ್ ಸಂಖ್ಯೆಗಳಿಗೆಂದೇ ಲೂಕಾಸ್-ಲೆಹ್ಮರ್ ಪರೀಕ್ಷೆ ಇದೆ. 4ರಿಂದ ಶುರು ಮಾಡಿ. ಅದರ ವರ್ಗದಲ್ಲಿ 2 ಕಳೆಯಿರಿ. ಪರೀಕ್ಷೆಯಲ್ಲಿರುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಆ ಶೇಷಕ್ಕೂ ಮತ್ತೆ ಹೀಗೇ. ಘಾತಕ್ಕಿಂತ 2 ಕಡಿಮೆ ಸಲ ಮಾಡಿದಾಗ 0 ಬಂದರೆ ಅದು ಅವಿಭಾಜ್ಯ. 2ರ 5ನೇ ಘಾತದಲ್ಲಿ 1 ಕಳೆದರೆ 31. ಅದಕ್ಕೆ ಮೂರೇ ಸುತ್ತು: 14, ಆಮೇಲೆ 194ರ ಶೇಷ 8, ಆಮೇಲೆ 62ರ ಶೇಷ 0. ಎಷ್ಟು ಸಲೀಸು!

ಆದರೆ 0 ಬರದಿದ್ದಾಗ ಈ ಪರೀಕ್ಷೆ 'ಒಡೆಯುತ್ತದೆ' ಎಂದಷ್ಟೇ ಹೇಳುತ್ತದೆ, ಏನೇನಾಗಿ ಅನ್ನುವುದನ್ನು ಹೇಳುವುದಿಲ್ಲ. 2ರ 67ನೇ ಘಾತದಲ್ಲಿ 1 ಕಳೆದರೆ ಬರುವುದು ಅವಿಭಾಜ್ಯವಲ್ಲ ಅಂತ ಲೂಕಾಸ್ 1876ರಲ್ಲೇ ತೋರಿಸಿದ್ದ. ಅದರ ತುಂಡುಗಳನ್ನು ಅಮೆರಿಕದ ಫ್ರಾಂಕ್ ಕೋಲ್ ಮುಂದಿಟ್ಟದ್ದು 1903ರಲ್ಲಿ: 19,37,07,721 × 7,61,83,82,57,287.